ಮನೆಯ ತೊಟ್ಟಿಲೋ, ಊರ ಶಿಶುವಿಹಾರವೋ?

ಹುಟ್ಟಿದ ಮಗುವನ್ನು ಯಾರ ಕೈಯಲ್ಲಿ ಬೆಳೆಯಿಸಬೇಕೆಂಬುದು ನಮ್ಮ ಹಿರಿಯರ ಕಾಲದಲ್ಲಿ ಒಂದು ಪ್ರಶ್ನೆಯಾಗಿಯೇ ಇರಲಿಲ್ಲ. ಮನೆ ತುಂಬ ಜನರಿದ್ದ ಆ ದಿನಗಳಲ್ಲಿ ತಾಯಿಯು ಹೊಲಕ್ಕೆ ಹೋದರೆ ಅಜ್ಜಿ, ಅಜ್ಜಿಯು ಸೌದೆಗೆ ಹೋದರೆ ಸೋದರತ್ತೆ, ಸೋದರತ್ತೆಯು ನೀರಿಗೆ ಹೋದರೆ ನೆರೆಮನೆಯವಳು, ಹೀಗೆ ಕೂಸು ಕಂಕುಳಿಂದ ಕಂಕುಳಿಗೆ ದಾಟುತ್ತ ಬೆಳೆಯುತ್ತಿತ್ತು. ಇಂದು ಆ ಕಂಕುಳುಗಳು ಕಡಮೆಯಾಗಿವೆ. ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಮಾಡಿದ್ದಾರೆ; ನೆರೆಮನೆಯವಳೂ ಬೆಳಗಾಗುತ್ತಲೇ ಕೆಲಸಕ್ಕೆ ಹೊರಡುತ್ತಾಳೆ. ಆದುದರಿಂದಲೇ, ದುಡಿಯುವ ತಾಯಿಯು ತನ್ನ ಮಗುವನ್ನು ಮನೆಯಲ್ಲಿಯೇ ಯಾರಾದರೊಬ್ಬರ ವಶಕ್ಕೆ ಬಿಡಬೇಕೋ, ಅಥವಾ ಅದಕ್ಕೆಂದೇ ಏರ್ಪಟ್ಟ ಶಿಶುವಿಹಾರಕ್ಕೆ ಒಪ್ಪಿಸಬೇಕೋ ಎಂಬ ವಿಚಾರವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಮನೆಮನೆಯಲ್ಲಿಯೂ ಎದ್ದಿದೆ. ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಈ ವಿಷಯಕ್ಕೆ ಸ್ಥಳವೇಕೆಂದು ಕೆಲವು ವಾಚಕರು ಕೇಳಬಹುದು. ತೊಟ್ಟಿಲಿನ ಕೂಸಿಗೂ ಹುಡುಗಿಯರ ಶಾಲೆಗೂ ಇರುವ ಸಂಬಂಧವು ಬಹಳ ಹತ್ತಿರದ್ದೆಂಬುದನ್ನು ತೋರಿಸುವುದೇ ನಮ್ಮ ಉದ್ದೇಶ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಹೆಂಗಸರು ಈಚೆಗೆ ದುಡಿಯಲು ತೊಡಗಿದುದರಿಂದ ಮಕ್ಕಳಿಗೆ ಈ ಗತಿ ಬಂದಿತೆಂದು ಹೇಳುವವರಿದ್ದಾರೆ. ಈ ಸೀಮೆಯಲ್ಲಿ ಹೆಂಗಸರು ದುಡಿಯದೆ ಇದ್ದ ಕಾಲವೇ ಇಲ್ಲ. ರಾಗಿಯ ಕಳೆ ಕಿತ್ತವರು, ಕಡಲೆಕಾಯಿ ಬಿಡಿಸಿದವರು, ಹಿಪ್ಪುನೇರಳೆ ಸೊಪ್ಪು ಕೊಯ್ದವರು, ರೇಷ್ಮೆ ಹುಳುವಿಗೆ ನಡುರಾತ್ರಿ ಎದ್ದು ಸೊಪ್ಪು ಹಾಕಿದವರು ಇವರೇ ಅಲ್ಲವೆ? ಬದಲಾದದ್ದು ದುಡಿಮೆಯಲ್ಲ, ದುಡಿಮೆಯ ಸ್ಥಳ ಮತ್ತು ವೇಳೆ. ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಕಣ್ಣಳತೆಯಲ್ಲಿ ಮಗುವನ್ನು ಮಲಗಿಸಿ ಮಾಡುತ್ತಿದ್ದ ಕೆಲಸವು ಈಗ ಗಡಿಯಾರಕ್ಕೆ ಕಟ್ಟುಬಿದ್ದ ಕೆಲಸವಾಗಿದೆ. ಮಗುವನ್ನು ಜೊತೆಗೆ ಕೊಂಡೊಯ್ಯಲಾಗದ ಸ್ಥಳಗಳಿಗೆ ತಾಯಿಯು ಹೋಗಬೇಕಾಗಿದೆ. ಅವಳ ಕೂಲಿಯಿಲ್ಲದೆ ಒಲೆ ಹೊತ್ತದಿರುವ ಮನೆಗಳಲ್ಲಿ ‘ಮನೆಯಲ್ಲಿಯೇ ಇರು’ ಎಂಬುದು ಉಪದೇಶವಾಗಬಹುದೇ ಹೊರತು ಉಪಾಯವಾಗಲಾರದು.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಮನೆಯ ಪಕ್ಷವನ್ನು ಹಿಡಿದವರು ಹೇಳುವುದೇನೆಂದರೆ: ಎಳೆಯ ಮಗುವಿಗೆ ಬೇಕಾದುದು ಪಾಠವಲ್ಲ, ಪರಿಚಿತವಾದ ಒಂದು ಮುಖ. ಅತ್ತಾಗ ಎತ್ತಿಕೊಳ್ಳುವ ಕೈ ದಿನಕ್ಕೊಂದು ಬದಲಾದರೆ ಅದರ ಮನಸ್ಸಿಗೆ ನೆಲೆ ತಪ್ಪುವುದು. ಹಲವು ಮಕ್ಕಳು ಕೂಡಿದಲ್ಲಿ ನೆಗಡಿ, ಕೆಮ್ಮು, ಭೇದಿಗಳೂ ಕೂಡುವುವು. ಅಜ್ಜಿಯ ತೊಡೆಯ ಮೇಲೆ ಕೇಳಿದ ಕಥೆಗೆ ಸಮನಾದುದು ಬೇರೊಂದಿಲ್ಲ. ಶಿಶುವಿಹಾರದ ಪಕ್ಷದವರು ಹೇಳುವುದೇನೆಂದರೆ: ಅಲ್ಲಿ ತರಬೇತಿ ಹೊಂದಿದ ಕೈಯಿರುವುದು; ಹೊತ್ತಿಗೆ ಸರಿಯಾಗಿ ಊಟ ದೊರೆಯುವುದು; ಮಗುವಿನ ತೂಕವನ್ನು ತಿಂಗಳು ತಿಂಗಳಿಗೆ ನೋಡಿ ಬರೆದಿಡುವರು; ಸಮವಯಸ್ಕರ ಜೊತೆಯಲ್ಲಿ ಆಡಿ, ಹಂಚಿಕೊಂಡು ತಿಂದು, ಸರದಿ ಕಾಯುವುದನ್ನು ಮಗು ಕಲಿಯುವುದು. ಈ ವಾದಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದಕ್ಕೆ ಮುಂಚೆ, ‘ಮನೆ’ ಎಂಬ ಮಾತಿಗೆ ನಮ್ಮ ತಾಲ್ಲೂಕುಗಳಲ್ಲಿ ನಿಜವಾಗಿ ಏನು ಅರ್ಥವೆಂಬುದನ್ನು ವಿಚಾರಿಸುವುದು ಉಚಿತ.

ಶಿಡ್ಲಘಟ್ಟವನ್ನೇ ತೆಗೆದುಕೊಳ್ಳೋಣ. ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಹೆಸರಾದ ಈ ಊರಿನ ಸುತ್ತಣ ಹಳ್ಳಿಗಳಲ್ಲಿ ಹುಳು ಸಾಕುವ ಸ್ಥಳವೂ ಜನ ವಾಸಿಸುವ ಸ್ಥಳವೂ ಅನೇಕ ವೇಳೆ ಒಂದಕ್ಕೊಂದು ತಾಗಿಯೇ ಇರುತ್ತವೆ. ಒಂದು ಬೆಳೆಗೂ ಮತ್ತೊಂದು ಬೆಳೆಗೂ ನಡುವೆ ಹುಳುಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣ, ಫಾರ್ಮಲಿನ್ ಮುಂತಾದುವುಗಳಿಂದ ಶುದ್ಧಿಮಾಡುತ್ತಾರೆ. ಇವುಗಳ ಘಾಟು ದೊಡ್ಡವರ ಕಣ್ಣಿನಲ್ಲಿಯೇ ನೀರು ಬರಿಸುವುದು. ಮರಿಯಾದಂದಿನಿಂದ ಗೂಡು ಕಟ್ಟುವ ತನಕ ಹೆಚ್ಚು ಕಡಮೆ 25 ದಿನಗಳು. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದನೆಯದಕ್ಕೆ ನಾಲ್ಕು ಪಾಲಿಗೂ ಮಿಕ್ಕುದನ್ನು ಕಡೆಯ ಹಂತದ ಒಂದು ವಾರದಲ್ಲಿಯೇ ತಿಂದು ಮುಗಿಸುವುದು. ಆ ವಾರದಲ್ಲಿ ಮನೆಯ ಒಬ್ಬರಿಗೂ ನಿದ್ರೆಯಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನವಂತೂ ಮಗು ಅತ್ತರೂ ಕೇಳುವವರಿಲ್ಲ. ಪಟ್ಟಣದೊಳಗೆ ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಗೂಡು ಬೇಯುವ ಬಿಸಿನೀರು, ಆವಿ, ಹೊಗೆ, ತಿರುಗುವ ರಾಟೆ ಇವುಗಳ ನಡುವೆ ಅಂಬೆಗಾಲಿಕ್ಕುವ ಮಗುವಿಗೆ ‘ಮನೆ’ ಎಷ್ಟರ ಮಟ್ಟಿಗೆ ಕ್ಷೇಮವೆಂಬುದನ್ನು ವಾಚಕರೇ ಊಹಿಸಬಹುದು.

ಚಿಕ್ಕಬಳ್ಳಾಪುರದ ಹೂವಿನ ತೋಟಗಳಲ್ಲಿ ಹೊತ್ತು ಹುಟ್ಟುವ ಮುಂಚೆಯೇ ಹೂ ಬಿಡಿಸಬೇಕು. ಯಾವ ಶಿಶುವಿಹಾರವೂ ಆ ಹೊತ್ತಿಗೆ ಬಾಗಿಲು ತೆರೆಯುವುದಿಲ್ಲ. ಚಿಂತಾಮಣಿಯ ಕಡೆ ಟೊಮೇಟೊ ಕೀಳುವ ಕಾಲದಲ್ಲಿ ಕೂಲಿಯವರನ್ನು ಗಾಡಿಯಲ್ಲಿ ತುಂಬಿ ಕರೆದುಕೊಂಡು ಹೋಗುವರು. ಇಂದು ಈ ತೋಟ, ನಾಳೆ ಮತ್ತೊಂದು. ಗೌರಿಬಿದನೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಗಂಟೆ ಹೊಡೆಯುವ ವೇಳೆಗೆ ಯಂತ್ರದ ಮುಂದೆ ಕುಳಿತಿರಬೇಕು. ದೂರದ ಹಳ್ಳಿಯವಳು ಅದಕ್ಕಾಗಿ ಮಗು ಏಳುವುದಕ್ಕೆ ಮೊದಲೇ ಬಸ್ಸು ಹತ್ತಿ, ಮಗು ಮಲಗುವ ಹೊತ್ತಿಗೆ ಹಿಂದಿರುಗುವಳು. ಈ ನಾಲ್ಕು ಕಡೆಗಳಲ್ಲಿಯೂ ‘ಮಗುವನ್ನು ಮನೆಯಲ್ಲಿಯೇ ನೋಡಿಕೊಳ್ಳುತ್ತೇವೆ’ ಎಂದು ಹೇಳುವ ಕುಟುಂಬಗಳನ್ನು ಕೇಳತಕ್ಕ ಪ್ರಶ್ನೆಯೊಂದೇ: ನೋಡಿಕೊಳ್ಳುವವರು ಯಾರು?

ಆರೋಗ್ಯವಂತಳಾದ ಅಜ್ಜಿಯಿದ್ದರೆ ಅದು ಆ ಮಗುವಿನ ಪುಣ್ಯ. ಆದರೆ ಅನೇಕ ಮನೆಗಳಲ್ಲಿ ಅಜ್ಜಿಯೂ ಕೂಲಿಗೆ ಹೋಗುವಳು, ಅಥವಾ ಕಣ್ಣು ಮಂಜಾಗಿ, ಮೊಣಕಾಲು ಸೋತು, ಓಡುವ ಮಗುವಿನ ಹಿಂದೆ ಓಡಲಾರಳು. ಆಗ ಆ ಭಾರವು ಬೀಳುವುದು ಮನೆಯ ಹಿರಿಯ ಹೆಣ್ಣುಮಗಳ ಮೇಲೆ. ಅವಳ ವಯಸ್ಸು ಎಂಟಿರಬಹುದು, ಹನ್ನೆರಡಿರಬಹುದು. ಅವಳ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುವರು. ಅವಳ ಪುಸ್ತಕದ ಚೀಲವು ಗೂಟಕ್ಕೆ ನೇತುಹಾಕಿರುವುದು. ಈ ಸೀಮೆಯಲ್ಲಿ ಪಾಠ ಹೇಳಿದ ಯಾವ ಉಪಾಧ್ಯಾಯಿನಿಯನ್ನು ಬೇಕಾದರೂ ಕೇಳಿರಿ. ಹಾಜರಿ ಪುಸ್ತಕದಲ್ಲಿ ಸಾಲಾಗಿ ಬಿದ್ದ ಗೈರುಗುರುತುಗಳಿಗೆ ಕಾರಣ ಕೇಳಿದರೆ ಬರುವ ಉತ್ತರ, ‘ಪಾಪುವನ್ನು ನೋಡಿಕೊಳ್ಳಬೇಕಾಗಿತ್ತು, ಟೀಚರ್’ ಎಂಬುದು. ಹುಳು ಹಣ್ಣಾಗುವ ವಾರ, ಟೊಮೇಟೊ ಕೀಳುವ ತಿಂಗಳು, ತಾಯಿಗೆ ಹೆಚ್ಚು ವೇಳೆಯ ದುಡಿಮೆ ಬಿದ್ದ ದಿನ, ಹೀಗೆ ಒಂದೊಂದಾಗಿ ತಪ್ಪಿದ ದಿನಗಳು ಕೂಡಿ ಒಂದು ವರ್ಷದ ಪಾಠವನ್ನೇ ನುಂಗಿಬಿಡುತ್ತವೆ. ಲೆಕ್ಕದಲ್ಲಿ ಹಿಂದೆ ಬಿದ್ದ ಹುಡುಗಿಗೆ ಶಾಲೆಗೆ ಬರಲು ನಾಚಿಕೆಯಾಗುವುದು. ನಾಚಿಕೆಯಾದವಳು ಮನೆಯಲ್ಲಿ ಉಳಿಯುವಳು. ಮನೆಯಲ್ಲಿ ಉಳಿದವಳಿಗೆ ವರನನ್ನು ಹುಡುಕುವರು. 2009ರ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಶಾಲೆಯ ಬಾಗಿಲನ್ನು ತೆರೆದಿರಿಸಿದೆ. ಆದರೆ ಕಂಕುಳಲ್ಲಿ ಕೂಸಿರುವ ಹುಡುಗಿಯು ಆ ಬಾಗಿಲನ್ನು ದಾಟುವುದು ಹೇಗೆ?

ನಮ್ಮ ಅಭಿಪ್ರಾಯದ ತಿರುಳು ಇಲ್ಲಿದೆ. ಮನೆಯ ಪಾಲನೆಗೆ ಖರ್ಚಿಲ್ಲವೆಂದು ಜನರು ಭಾವಿಸುತ್ತಾರೆ. ಖರ್ಚು ಇದೆ, ಅದನ್ನು ತೆರುವವಳು ಬಾಯಿಬಿಟ್ಟು ಹೇಳುವುದಿಲ್ಲವಷ್ಟೆ. ಒಂದು ಮಗುವಿನ ಬಾಲ್ಯವನ್ನು ಕಾಪಾಡಲು ಮತ್ತೊಂದು ಮಗುವಿನ ಬಾಲ್ಯವನ್ನು ತೆರುವುದು ಪಾಲನೆಯಲ್ಲ, ಸಾಲ. ಆದುದರಿಂದ ಮನೆಯೋ ಶಿಶುವಿಹಾರವೋ ಎಂದು ನಿಶ್ಚಯಿಸುವ ತಾಯ್ತಂದೆಗಳು ಚಿಕ್ಕ ಮಗುವನ್ನು ಮಾತ್ರವೇ ಅಲ್ಲ, ಅದನ್ನು ಹೊರುವ ದೊಡ್ಡ ಮಗಳನ್ನೂ ತಕ್ಕಡಿಗೆ ಹಾಕಿ ತೂಗಬೇಕು.

ಇನ್ನು ಶಿಶುವಿಹಾರದ ವಿಚಾರ. ಇದು ಪರದೇಶದಿಂದ ಬಂದು ನಮ್ಮ ಮನೆಗಳನ್ನು ಒಡೆಯುವ ಪದ್ಧತಿಯೆಂದು ಶಂಕಿಸಬೇಕಾದುದಿಲ್ಲ. ಜರ್ಮನಿಯ ಫ್ರೋಬೆಲ್ ಮಹಾಶಯರು 1837ರಲ್ಲಿ ಆರಂಭಿಸಿದ ಮಕ್ಕಳ ಶಾಲೆಯು ಮುಂದೆ ‘ಕಿಂಡರ್‌ಗಾರ್ಟನ್’ ಎಂದು ಲೋಕಪ್ರಸಿದ್ಧವಾಯಿತು, ನಿಜ. ಆದರೆ ಗಿಜುಭಾಯಿ ಬಧೇಕಾ ಅವರು 1920ರಲ್ಲಿಯೇ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಅದನ್ನು ಈ ನೆಲದ ಹಾಡು ಕಥೆಗಳಿಂದ ತುಂಬಿದರು. ಅವರ ಸಹಕಾರಿಣಿ ತಾರಾಬಾಯಿ ಮೋಡಕ್ ಅವರು ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕೆಂದು ಬಡವರ ಹಟ್ಟಿಗಳಿಗೆ ನಡೆದರು. ‘ಅಂಗನವಾಡಿ’ ಎಂಬ ಹೆಸರು ಆ ಅಂಗಳದ ಹೆಸರೇ. 1939ರಲ್ಲಿ ಮರಿಯಾ ಮಾಂಟೆಸ್ಸೊರಿ ಅವರು ಮದರಾಸಿನ ಅಡಿಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು. 1975ನೆಯ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಅಂಗನವಾಡಿಯಿಲ್ಲದ ದೊಡ್ಡ ಹಳ್ಳಿಯನ್ನು ನಮ್ಮ ಜಿಲ್ಲೆಯಲ್ಲಿ ಹುಡುಕಬೇಕು.

ಅಂಗನವಾಡಿಯ ಉಪಕಾರವನ್ನು ಚಿಕ್ಕದಾಗಿ ಎಣಿಸಲಾಗದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಊಟ, ಆಟ, ಹಾಡು ಉಂಟು. 2013ರಲ್ಲಿ ಪ್ರಾರಂಭವಾದ ಕ್ಷೀರಭಾಗ್ಯದಿಂದ ಹಾಲು ಸೇರಿತು. 2017ರ ಮಾತೃಪೂರ್ಣ ಯೋಜನೆಯಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಲ್ಲಿಯೇ ಬಿಸಿಯೂಟ ದೊರೆಯುವಂತಾಯಿತು. ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಪ್ರಯೋಜನವಿದೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಿಡ್ಲಘಟ್ಟ ಚಿಂತಾಮಣಿಗಳ ಅನೇಕ ಬೀದಿಗಳಲ್ಲಿ ಉರ್ದು. ಆ ಮಗುವಿಗೆ ಕನ್ನಡವು ಮೊದಲು ಕಿವಿಗೆ ಬೀಳುವುದು ಅಂಗನವಾಡಿಯ ಹಾಡಿನಲ್ಲಿ. ಆಟದಲ್ಲಿ ಕಲಿತ ಮಾತು ಒಂದನೆಯ ತರಗತಿಯಲ್ಲಿ ಮಗುವಿನ ನಾಲಿಗೆಯ ಕಟ್ಟನ್ನು ಬಿಡಿಸುವುದು. ಹೊಲದವನ ಮಗುವೂ ಕೂಲಿಯವನ ಮಗುವೂ, ಬೇರೆ ಬೇರೆ ಕೇರಿಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಸ್ಥಳವು ಹಳ್ಳಿಯಲ್ಲಿ ಬೇರೆ ಎಷ್ಟಿವೆ?

ಆದರೆ ಕುಂದುಗಳನ್ನೂ ಹೇಳಬೇಕು. ಮೂರು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಅಂಗನವಾಡಿಯಿಂದ ಸಾಮಾನ್ಯವಾಗಿ ದೊರೆಯುವುದು ಮನೆಗೆ ಕೊಂಡೊಯ್ಯುವ ಆಹಾರವೇ ಹೊರತು ದಿನವಿಡೀ ನೋಡಿಕೊಳ್ಳುವ ಕೈಯಲ್ಲ. ಅದು ಮುಚ್ಚುವ ವೇಳೆಗೂ ತಾಯಿಯು ಮನೆ ಸೇರುವ ವೇಳೆಗೂ ನಡುವೆ ಹಲವು ಗಂಟೆಗಳ ಅಂತರವಿರುತ್ತದೆ. ಆ ಅಂತರವನ್ನು ತುಂಬುವವಳು ಮತ್ತೆ ಹಿರಿಯ ಮಗಳೇ. ಒಬ್ಬ ಕಾರ್ಯಕರ್ತೆಯು ಪಾಠ ಹೇಳಬೇಕು, ತೂಕ ನೋಡಬೇಕು, ಲೆಕ್ಕ ಬರೆಯಬೇಕು, ಮನೆಮನೆಗೆ ಹೋಗಬೇಕು, ಇಲಾಖೆಗಳು ಹೇಳಿದ ಸಮೀಕ್ಷೆಗಳನ್ನೂ ಮಾಡಬೇಕು. ಇಷ್ಟೆಲ್ಲಕ್ಕೂ ಅವಳಿಗೆ ಕೊಡುವುದನ್ನು ಸಂಬಳವೆಂದು ಕರೆಯದೆ ‘ಗೌರವಧನ’ವೆಂದು ಕರೆಯುವರು. 2022ನೆಯ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರೂ ಉಪಧನಕ್ಕೆ ಅರ್ಹರೆಂದು ತೀರ್ಪಿತ್ತುದು ಇವರ ದುಡಿಮೆಯು ದುಡಿಮೆಯೇ ಎಂಬುದಕ್ಕೆ ಸಾಕ್ಷಿಯಾಯಿತು.

ಕಾರ್ಖಾನೆಗಳ ವಿಷಯದಲ್ಲಿ ಕಾನೂನು ಹಳೆಯದು. 1948ರ ಕಾರ್ಖಾನೆಗಳ ಕಾಯಿದೆಯು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಗಾಳಿ ಬೆಳಕುಳ್ಳ ಕೋಣೆಯೊಂದನ್ನು ಒದಗಿಸಬೇಕೆಂದು ವಿಧಿಸಿತು. 1976ರ ತಿದ್ದುಪಡಿಯು ಆ ಸಂಖ್ಯೆಯನ್ನು 30ಕ್ಕೆ ಇಳಿಸಿತು. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ಮಾಡಿದ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ರಜೆಯು 26 ವಾರಗಳಾಯಿತು. 50 ಮಂದಿ ನೌಕರರಿರುವ ಸಂಸ್ಥೆಗಳೆಲ್ಲ ಶಿಶುಗೃಹವನ್ನು ಏರ್ಪಡಿಸಿ, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಲು ಬಿಡಬೇಕೆಂದಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ 50ರ ಸಂಖ್ಯೆಯನ್ನೇ ಇಟ್ಟುಕೊಂಡಿತು. ಆದರೆ ಕಾರ್ಖಾನೆಯಲ್ಲಿ ಕೋಣೆಯಿದ್ದ ಮಾತ್ರಕ್ಕೆ ಮಗು ಅಲ್ಲಿಗೆ ತಲಪುವುದಿಲ್ಲ. ಹತ್ತಾರು ಮೈಲಿಗಳಾಚೆಯ ಹಳ್ಳಿಯಿಂದ, ನಿಲ್ಲಲು ಸ್ಥಳವಿಲ್ಲದ ಬಸ್ಸಿನಲ್ಲಿ, ಬೆಳಗಿನ ಚಳಿಯಲ್ಲಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಹೋಗುವುದು ಯಾವ ತಾಯಿಗೆ ತಾನೆ ಇಷ್ಟವಾದೀತು? ಶಿಶುಗೃಹವು ತಾಯಿಯು ದುಡಿಯುವ ಸ್ಥಳಕ್ಕೆ ಹತ್ತಿರವಾಗಿರುವುದಕ್ಕಿಂತ ಮಗು ಮಲಗುವ ಮನೆಗೆ ಹತ್ತಿರವಾಗಿರುವುದೇ ಈ ಸೀಮೆಗೆ ಹೊಂದುವುದೆಂದು ನಮಗೆ ತೋರುತ್ತದೆ. ಹಾಲೂಡಿಸುವ ಕೂಸಿನ ತಾಯಿಯು ಕಾರ್ಖಾನೆಯ ಪಕ್ಕದಲ್ಲಿಯೇ ವಾಸಿಸುತ್ತಿದ್ದರೆ ಮಾತ್ರ ಈ ಮಾತಿಗೆ ವಿನಾಯಿತಿ.

ಈ ಮಾರ್ಗದಲ್ಲಿ ನಮ್ಮ ರಾಜ್ಯವು ಇಟ್ಟ ಒಂದು ಒಳ್ಳೆಯ ಹೆಜ್ಜೆ ‘ಕೂಸಿನ ಮನೆ’. 2023ರ ಜುಲೈ ತಿಂಗಳ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ಇಂತಹ ಮನೆಗಳನ್ನು ತೆರೆಯುವುದಾಗಿ ಸಾರಲಾಯಿತು. ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು, ಅದೇ ಊರಿನ, ತರಬೇತಿ ಪಡೆದ ಹೆಂಗಸರು ನೋಡಿಕೊಳ್ಳುವುದು ಇದರ ಕ್ರಮ. ಅಂಗನವಾಡಿಯು ಬಿಟ್ಟುಕೊಟ್ಟಿದ್ದ ಮೂರು ವರ್ಷದೊಳಗಿನ ಕಾಲವನ್ನು ಇದು ಹಿಡಿಯಿತು. ಯೋಜನೆಗಳ ಹೆಸರೂ ಹಣದ ಮೂಲವೂ ಕಾಲಕಾಲಕ್ಕೆ ಬದಲಾಗುವುದುಂಟು. ಆದರೆ ಊರಿನ ಕೂಸನ್ನು ಊರೊಳಗೇ, ಪರಿಚಯವುಳ್ಳವಳೊಬ್ಬಳು, ಕೂಲಿ ಪಡೆದು, ಕಲಿತು ನೋಡಿಕೊಳ್ಳಬೇಕೆಂಬ ತತ್ತ್ವವು ಉಳಿಯಬೇಕು. ಮನೆಯ ಪರಿಚಯವೂ ಶಿಶುವಿಹಾರದ ಕ್ರಮವೂ ಕೂಡುವ ಸ್ಥಳವಿದು.

ರೇಷ್ಮೆಯ ಸೀಮೆಯವರಿಗೆ ಈ ತತ್ತ್ವವು ಹೊಸತಲ್ಲ. ಹಿಂದೆ ಪ್ರತಿಯೊಬ್ಬ ರೈತನೂ ಮೊಟ್ಟೆಯನ್ನು ತಂದು ಮನೆಯಲ್ಲಿಯೇ ಮರಿಮಾಡಿಕೊಳ್ಳುತ್ತಿದ್ದನು. ಎಳೆಯ ಹುಳುವಿಗೆ 27–28 ಡಿಗ್ರಿಯ ಹದವಾದ ಶಾಖ, ತೇವವುಳ್ಳ ಗಾಳಿ, ಸಣ್ಣಗೆ ಹೆಚ್ಚಿದ ಎಳೆಯ ಸೊಪ್ಪು ಇವೆಲ್ಲ ಬೇಕು. ಆ ಹಂತದಲ್ಲಿ ಕೆಟ್ಟುದು ಮುಂದೆ ಎಷ್ಟು ಸೊಪ್ಪು ಹಾಕಿದರೂ ಸರಿಹೋಗದು. ಇದನ್ನು ಕಂಡುಕೊಂಡ ಮೇಲೆ ಚಾಕಿ ಸಾಕಾಣಿಕೆಯ ಕೇಂದ್ರಗಳು ಹುಟ್ಟಿದುವು. ಎರಡನೆಯ ಜ್ವರ ದಾಟುವ ತನಕ ಹುಳು ಅನುಭವಿಗಳ ಕೈಯಲ್ಲಿ ಬೆಳೆದು, ಆ ಮೇಲೆ ರೈತನ ಮನೆಗೆ ಬರುವುದು. ಇದರಿಂದ ರೈತನಿಗೆ ಹುಳುವಿನ ಮೇಲಣ ಮಮತೆ ಕಡಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಮಗು ಹುಳುವಲ್ಲ, ಅದನ್ನು ವಾರಗಟ್ಟಲೆ ಬೇರೆಡೆ ಬಿಟ್ಟಿರಲಾಗದು, ಸಂಜೆಗೆ ತಾಯಿಯ ಮಡಿಲಿಗೆ ಬರಲೇಬೇಕು. ಹೋಲಿಕೆಯು ಇಲ್ಲಿಗೇ ನಿಲ್ಲುವುದು. ಆದರೂ ಒಂದು ಪಾಠ ಉಳಿಯುವುದು: ಎಳೆತನವು ಯಾರ ಕೈಗಾದರೂ ಬಿಟ್ಟುಬಿಡತಕ್ಕ ಕಾಲವಲ್ಲ. ಯಾವ ಕೇಂದ್ರದ ಚಾಕಿ ಚೆನ್ನಾಗಿದೆ, ಅಲ್ಲಿ ಯಾರು ಸಾಕುವರು, ಹೋದ ಬೆಳೆ ಹೇಗೆ ಬಂದಿತೆಂದು ನಾಲ್ಕು ಊರು ವಿಚಾರಿಸುವ ರೈತನು ತನ್ನ ಮಗುವನ್ನು ಬಿಡುವ ಸ್ಥಳವನ್ನು ಕುರಿತು ಅಷ್ಟಾದರೂ ವಿಚಾರಿಸಬೇಕಲ್ಲವೆ?

ಹೊರಗಿನ ಲೋಕದ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ 1991ರಿಂದ ಹತ್ತು ಸ್ಥಳಗಳ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಂದಿನಿಂದ ಹದಿನೈದು ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಒಳ್ಳೆಯ ಶಿಶುಪಾಲನೆ ದೊರೆತ ಮಕ್ಕಳಿಗೆ ಮಾತು, ತಿಳಿವಳಿಕೆ ಸ್ವಲ್ಪ ಮುಂದಿದ್ದುವು. ಬಹಳ ಹೊತ್ತು ಶಿಶುಗೃಹಗಳಲ್ಲಿ ಕಳೆದವರಲ್ಲಿ ಹಟ, ಜಗಳಗಳು ಸ್ವಲ್ಪ ಹೆಚ್ಚಾಗಿ ಕಂಡುವು. ಆದರೆ ಇವೆರಡಕ್ಕಿಂತಲೂ ಬಲವಾದುದು ತಾಯ್ತಂದೆಗಳ ನಡತೆಯೇ ಎಂದು ತಿಳಿದುಬಂದಿತು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದವರು 1997ರಿಂದ ದಿನಕ್ಕೆ ಐದು ಡಾಲರಿಗೆ ಶಿಶುಪಾಲನೆಯನ್ನು ಒದಗಿಸಿದಾಗ ತಾಯಂದಿರಿಗೆ ದುಡಿಮೆ ದೊರೆಯಿತು. ಆದರೆ ಆತುರದಿಂದ ಹೆಚ್ಚಿಸಿದ ಎಷ್ಟೋ ಶಿಶುಗೃಹಗಳ ಗುಣವು ಸಾಲದೆ ಹೋಗಿ, ಮಕ್ಕಳಲ್ಲಿ ಕಳವಳವೂ ಸಿಡುಕೂ ಹೆಚ್ಚಿದುವೆಂದು ಪಂಡಿತರು ಬರೆದರು. ನೆರೆಯ ತಮಿಳುನಾಡಿನಲ್ಲಿ 320 ಅಂಗನವಾಡಿಗಳನ್ನು ತೆಗೆದುಕೊಂಡು, ಅವುಗಳಲ್ಲಿ ಕೆಲವಕ್ಕೆ ಪಾಠಕ್ಕೆಂದೇ ಅರ್ಧ ದಿನದ ಒಬ್ಬ ಕಾರ್ಯಕರ್ತೆಯನ್ನು ಹೆಚ್ಚಾಗಿ ಕೊಟ್ಟು ನೋಡಿದಾಗ, ಪಾಠದ ವೇಳೆಯು ಇಮ್ಮಡಿಯಾಯಿತು, ಮಕ್ಕಳ ಕಲಿಕೆಯೂ ಹೆಚ್ಚಿತು, ಬೆಳವಣಿಗೆ ಕುಂದಿದವರ ಸಂಖ್ಯೆಯೂ ಇಳಿಯಿತು. ಮನೆಯೆಂಬ ಹೆಸರಾಗಲಿ ಶಿಶುವಿಹಾರವೆಂಬ ಹೆಸರಾಗಲಿ ಮಗುವನ್ನು ಬೆಳೆಯಿಸುವುದಿಲ್ಲ. ಬೆಳೆಯಿಸುವುದು ಸಾಕಷ್ಟು ಬಿಡುವುಳ್ಳ, ಪ್ರೀತಿಯುಳ್ಳ, ಕಲಿತ ಕೈಗಳು.

ಇದೆಲ್ಲವನ್ನೂ ವಿಚಾರಿಸಿ ನಮಗೆ ತೋರುವ ಕ್ರಮವನ್ನು ಹೇಳುತ್ತೇವೆ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವಾದುದರಿಂದ, ಆ ಕಾಲದಲ್ಲಿ ತಾಯಿಯ ಮಗ್ಗುಲೇ ಅದರ ಸ್ಥಳ. 26 ವಾರಗಳ ರಜೆಯು ಕಾಗದವಿರುವ ಕೆಲಸದವಳಿಗೆ ದೊರೆಯುವುದು. ತೋಟದ ಕೂಲಿಯವಳಿಗೆ ಅಂತಹ ರಜೆಯಿಲ್ಲ. ಈ ಅನ್ಯಾಯವನ್ನು ಸರಿಪಡಿಸುವ ತನಕ ಆ ತಿಂಗಳುಗಳ ಭಾರವನ್ನು ಗಂಡನೂ ಅತ್ತೆಮಾವಂದಿರೂ ಹೊರಬೇಕು. ಆರು ತಿಂಗಳಿಂದ ಮೂರು ವರ್ಷದವರೆಗೆ, ಮೈಯಲ್ಲಿ ಶಕ್ತಿಯೂ ಮನಸ್ಸಿನಲ್ಲಿ ಇಷ್ಟವೂ ಇರುವ ವಯಸ್ಕರೊಬ್ಬರು ಮನೆಯಲ್ಲಿದ್ದರೆ, ಮನೆಯ ಸ್ಥಳವು ಬಿಸಿನೀರು, ಹೊಗೆ, ಔಷಧಿಗಳಿಂದ ದೂರವಾಗಿದ್ದರೆ, ಮನೆಯ ಪಾಲನೆಯೇ ಉತ್ತಮ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಕೂಸಿನ ಮನೆಯಂತಹ ಹತ್ತಿರದ, ಚಿಕ್ಕ ಶಿಶುಗೃಹವೇ ಮೇಲು. ಮೂರು ವರ್ಷ ತುಂಬಿದ ಮೇಲೆ, ಅಜ್ಜಿ ಎಷ್ಟೇ ಸಮರ್ಥಳಾಗಿದ್ದರೂ, ಮಗುವಿಗೆ ದಿನಕ್ಕೆ ಕೆಲವು ಗಂಟೆಗಳ ಕಾಲ ಅಂಗನವಾಡಿಯ ಸಹವಾಸ ಬೇಕು. ಉಳಿದ ಹೊತ್ತಿಗೆ ಅಜ್ಜಿಯ ಕಥೆ ಇದ್ದೇ ಇದೆ.

ಸ್ಥಳವನ್ನು ಆರಿಸುವಾಗ ಕೇಳತಕ್ಕ ಪ್ರಶ್ನೆಗಳು ಮನೆಗೂ ಶಿಶುವಿಹಾರಕ್ಕೂ ಒಂದೇ. ನೋಡಿಕೊಳ್ಳುವವರು ಎಷ್ಟು ಮಕ್ಕಳಿಗೆ ಎಷ್ಟು ಮಂದಿ? ಅವರು ತಿಂಗಳಿಗೊಮ್ಮೆ ಬದಲಾಗುವರೋ, ನೆಲೆಯಾಗಿ ನಿಲ್ಲುವರೋ? ಕುಡಿಯುವ ನೀರು ಎಲ್ಲಿಯದು, ಕೈ ತೊಳೆಯಲು ಸಾಬೂನಿದೆಯೆ? ಒಲೆಯೂ ನೀರಿನ ತೊಟ್ಟಿಯೂ ಮಗುವಿಗೆ ಎಟುಕದಂತೆ ಇವೆಯೆ? ಜ್ವರ ಬಂದರೆ ತಾಯಿಗೆ ಹೇಳಿಕಳುಹಿಸುವರೆ? ಹೇಳದೆ ಹೋದಾಗಲೂ ತಾಯಿಯನ್ನು ಒಳಕ್ಕೆ ಬಿಡುವರೆ? ಮಗುವಿನೊಡನೆ ಮಾತಾಡುವರೋ, ಅಥವಾ ಸುಮ್ಮನಿರಲೆಂದು ಕೈಗೆ ಮೊಬೈಲ್ ಕೊಟ್ಟು ಕೂರಿಸುವರೋ? ಕಡೆಯದಾಗಿ, ಈ ಏರ್ಪಾಡಿನಿಂದ ಮನೆಯ ಯಾವ ಹುಡುಗಿಗಾದರೂ ಶಾಲೆ ತಪ್ಪುವುದೆ? ಈ ಕಡೆಯ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದರೆ, ಉಳಿದ ಉತ್ತರಗಳು ಎಷ್ಟೇ ಚೆನ್ನಾಗಿದ್ದರೂ ಆ ಏರ್ಪಾಡನ್ನು ಬಿಡಬೇಕು.

ಕೆಲವು ಆಕ್ಷೇಪಣೆಗಳಿಗೆ ಸಮಾಧಾನ ಹೇಳಬೇಕು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟರೆ ಅಜ್ಜಿಯ ಮನಸ್ಸು ನೋಯುವುದೆಂದು ಹೇಳುವರು. ಅಜ್ಜಿಯನ್ನೇ ಅಲ್ಲಿಗೆ ಕರೆಯೋಣ. ವಾರಕ್ಕೊಂದು ದಿನ ಅವಳು ಬಂದು ಕಥೆ ಹೇಳಲಿ, ಹಾಡು ಹೇಳಿಕೊಡಲಿ. ತಾನು ಸಾಕಿದ ಮಕ್ಕಳ ಜ್ಞಾನವನ್ನು ಇಡೀ ಊರಿನ ಮಕ್ಕಳಿಗೆ ಕೊಡುವ ಅವಕಾಶವು ಅವಳಿಗೆ ಮರ್ಯಾದೆಯೇ ಹೊರತು ಅವಮಾನವಲ್ಲ. ಇನ್ನು ಕೆಲವರು, ‘ಹೆಣ್ಣುಮಗಳು ತಮ್ಮತಂಗಿಯರನ್ನು ಎತ್ತಿ ಆಡಿಸಿದರೆ ತಪ್ಪೇನು? ಮುಂದೆ ಅವಳೂ ತಾಯಿಯಾಗುವವಳಲ್ಲವೆ?’ ಎನ್ನುವರು. ಸಂಜೆ ಒಂದು ಗಳಿಗೆ ಎತ್ತಿ ಆಡಿಸುವುದು ಅಕ್ಕತನ. ಬೆಳಗಿನಿಂದ ಸಂಜೆಯವರೆಗೆ ಹೊರುವುದು ಕೂಲಿ, ಅದೂ ಕೂಲಿ ದೊರೆಯದ ಕೂಲಿ. ಅಣ್ಣನನ್ನು ಇದೇ ಕೆಲಸಕ್ಕೆ ಶಾಲೆ ಬಿಡಿಸುವ ಮನೆ ಎಷ್ಟಿದೆಯೆಂದು ಎಣಿಸಿ ನೋಡಿದರೆ ಈ ವಾದದ ಬಣ್ಣ ಬಯಲಾಗುವುದು. ತಂದೆಯ ವಿಷಯವಾಗಿಯೂ ಒಂದು ಮಾತು: ಮಗುವಿನ ಪಾಲನೆಯು ತಾಯಿಯ ಒಬ್ಬಳದೇ ಕೆಲಸವೆಂಬ ಭಾವನೆ ಇರುವವರೆಗೂ ಯಾವ ಶಿಶುವಿಹಾರವೂ ಸಾಲದು.

ಇನ್ನು ಮಾಡತಕ್ಕ ಕೆಲಸಗಳು ಹೆಚ್ಚಿಲ್ಲ, ಆದರೆ ಗಟ್ಟಿಯಾದುವು. ಗ್ರಾಮ ಪಂಚಾಯತಿಗಳು ಶಿಶುವಿಹಾರದ ವೇಳೆಯನ್ನು ಊರಿನ ದುಡಿಮೆಯ ವೇಳೆಗೆ ಹೊಂದಿಸಬೇಕು. ಹೂವಿನ ಊರಿಗೆ ಮುಂಜಾನೆ, ಕಾರ್ಖಾನೆಗೆ ಹೋಗುವವರ ಊರಿಗೆ ಸಂಜೆ, ರೇಷ್ಮೆಯ ಊರಿಗೆ ಹುಳು ಹಣ್ಣಾಗುವ ವಾರ. ಕಾರ್ಖಾನೆಯವರು ತಮ್ಮ ಆವರಣದಲ್ಲಿ ಬರಿದಾಗಿ ಬಿದ್ದಿರುವ ಕೋಣೆಗೆ ಮಾಡುವ ವೆಚ್ಚವನ್ನು ತಮ್ಮ ಕೆಲಸಗಾರ್ತಿಯರು ವಾಸಿಸುವ ಹಳ್ಳಿಗಳ ಶಿಶುಗೃಹಗಳಿಗೂ ಮಾಡುವ ದಾರಿಯನ್ನು ಸರ್ಕಾರವು ತೋರಿಸಬೇಕು. ನೋಡಿಕೊಳ್ಳುವ ಹೆಂಗಸರಿಗೆ ಬದುಕಲು ಸಾಲುವ ಸಂಬಳ ಕೊಡಬೇಕು; ತನ್ನ ಮಕ್ಕಳ ಹೊಟ್ಟೆಯ ಚಿಂತೆಯಲ್ಲಿರುವವಳು ಇತರರ ಮಕ್ಕಳಿಗೆ ನಗುಮುಖವನ್ನು ತೋರಿಸುವುದು ಎಷ್ಟು ದಿನ ಸಾಧ್ಯ?

ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿ ಹೊರಬಂದ ಸೋದರಿಯರಲ್ಲಿ ನಮ್ಮ ವಿಶೇಷ ಬಿನ್ನಹವಿದೆ. ನಿಮ್ಮಲ್ಲಿ ಕೆಲವರು ತಾಯಂದಿರು, ಕೆಲವರು ಉಪಾಧ್ಯಾಯಿನಿಯರು, ಕೆಲವರು ಪಂಚಾಯತಿಯ ಸದಸ್ಯೆಯರು, ಕೆಲವರು ಅಂಗನವಾಡಿಯ ಕಾರ್ಯಕರ್ತೆಯರೇ ಆಗಿರಬಹುದು. ನಿಮ್ಮ ಊರಿನ ಶಿಶುವಿಹಾರಕ್ಕೆ ತಿಂಗಳಿಗೊಮ್ಮೆ ಹೋಗಿ ಬನ್ನಿರಿ. ಅದು ಎಷ್ಟು ಹೊತ್ತಿಗೆ ತೆರೆಯುವುದು, ಎಷ್ಟು ಹೊತ್ತಿಗೆ ಮುಚ್ಚುವುದು ಎಂಬುದನ್ನು ನೋಡಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ. ಬೀದಿಯಲ್ಲಿ ಶಾಲೆಯ ವೇಳೆಯಲ್ಲಿ ಕೂಸನ್ನು ಹೊತ್ತ ಹುಡುಗಿಯೊಬ್ಬಳು ಕಂಡರೆ ‘ಪಾಪ’ ಎಂದು ಮರುಗಿ ಮುಂದೆ ಹೋಗಬೇಡಿರಿ. ಅವಳ ಹೆಸರೇನು, ಯಾವ ತರಗತಿ, ಎಷ್ಟು ದಿನದಿಂದ ಶಾಲೆ ಬಿಟ್ಟಿದ್ದಾಳೆ ಎಂದು ವಿಚಾರಿಸಿ ಅವಳ ತಾಯಿಯೊಡನೆ ಕುಳಿತು ಮಾತಾಡಿರಿ. ತೊಟ್ಟಿಲನ್ನು ತೂಗುವ ಕೈ ಪ್ರೀತಿಯುಳ್ಳದ್ದಾಗಿರಬೇಕೆಂಬುದು ಎಲ್ಲರೂ ಬಲ್ಲ ಮಾತು. ಆ ಕೈಯಿಂದ ಪುಸ್ತಕವನ್ನು ಕಸಿದುಕೊಂಡಿರಬಾರದೆಂಬುದನ್ನು ನಾವು ಅದಕ್ಕೆ ಸೇರಿಸಬಯಸುತ್ತೇವೆ.